ಐಷಾರಾಮಿ ಸೆಡಾನ್ ತಗ್ಗಿಸುವ ಮುನ್ನ: ಸ್ಪ್ರಿಂಗ್ ಸಾಕೇ, ಕಾಯಿಲೋವರ್ ಬೇಕೇ?

ಬೆಳಗಾವಿಯಿಂದ ಚೋರ್ಲಾ ಘಾಟಿನ ಕಡೆಗೆ ಹೊರಟಿದ್ದೆವು. ಜಾಂಬೋಟಿ ದಾಟಿ ಸ್ವಲ್ಪ ದೂರದಲ್ಲಿ ಮಳೆನೀರು ತುಂಬಿದ ಒಂದು ತಗ್ಗಿಗೆ ಎಡಗಡೆಯ ಚಕ್ರಗಳು ಇಳಿದವು. ಧಡ್ ಎಂಬ ಸದ್ದು ಕೇಳಿತು, ಹಿಂದಿನ ಸೀಟಿನಲ್ಲಿ ಕುಳಿತಿದ್ದ ತಂದೆಯವರು ಸೊಂಟ ಹಿಡಿದುಕೊಂಡರು. ಕಾರು ಎಫ್30 ತಲೆಮಾರಿನ ಬಿಎಂಡಬ್ಲ್ಯು 320ಡಿ. ಅದರ ಮೈಯನ್ನು ನೆಲದ ಕಡೆಗೆ 40 ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಹಾಕಿಸಿ ಎರಡೇ ವಾರವಾಗಿತ್ತು. ಶಾಕ್ ಅಬ್ಸಾರ್ಬರ್‌ಗಳು ಮಾತ್ರ 80,000 ಕಿಲೋಮೀಟರ್ ಓಡಿದ ಹಳೆಯವೇ.

ಆ ದಿನದಿಂದ ಈ ವಿಷಯವನ್ನು ಬುಡದಿಂದ ಕಲಿಯತೊಡಗಿದೆ. ಕಾರು ತಗ್ಗಿಸಲು ಬಯಸುವವರು ನನ್ನನ್ನು ಮೊದಲು ಕೇಳುವುದು, ಸ್ಪ್ರಿಂಗ್ ಒಳ್ಳೆಯದೋ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಜೋಡಿ) ಒಳ್ಳೆಯದೋ ಎಂದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಕಾರು ನಿಂತ ಸ್ಥಿತಿಯಿಂದ ಚಕ್ರ ಮೇಲಕ್ಕೆ ಬರಲು ಎಷ್ಟು ಜಾಗ ಉಳಿದಿದೆ? ಅದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ.

ಎರಡಕ್ಕೂ ಇರುವ ವ್ಯತ್ಯಾಸ

ತಗ್ಗಿಸುವ ಸ್ಪ್ರಿಂಗ್ ಎಂದರೆ ಬರೀ ಸುರುಳಿ. ಕಂಪನಿಯ ಸುರುಳಿಯನ್ನು ತೆಗೆದು, ಅದಕ್ಕಿಂತ ಗಿಡ್ಡ ಮತ್ತು ಗಡಸಾದ ಸುರುಳಿಯನ್ನು ಕೂರಿಸುತ್ತಾರೆ. ಶಾಕ್ ಅಬ್ಸಾರ್ಬರ್ ಹಳೆಯದೇ ಉಳಿಯುತ್ತದೆ, ಎತ್ತರ ಒಂದೇ, ಬದಲಿಸಲು ಬಾರದು. ಕಾಯಿಲೋವರ್‌ನಲ್ಲಿ ಸ್ಪ್ರಿಂಗ್ ಮತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್‌ನ ಇನ್ನೊಂದು ಹೆಸರು) ಒಂದಕ್ಕೊಂದು ಹೊಂದುವಂತೆ ತಯಾರಾಗಿರುತ್ತವೆ. ಡ್ಯಾಂಪರ್‌ನ ಮೈಮೇಲೆ ತಿರುಪಿನ ಮೇಲಿರುವಂತಹ ಮರೆ (ಥ್ರೆಡ್) ಕೊರೆದಿರುತ್ತಾರೆ, ಅದರ ಮೇಲಿನ ಉಂಗುರ ತಿರುಗಿಸಿದರೆ ಎತ್ತರ ಬದಲಾಗುತ್ತದೆ. ಕೆಲವು ಮಾದರಿಗಳಲ್ಲಿ ಡ್ಯಾಂಪರ್‌ನ ಬಿಗಿಯನ್ನೂ ಬದಲಿಸಬಹುದು. ಉದಾಹರಣೆಗೆ ಕೆಡಬ್ಲ್ಯು ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ, ವೇರಿಯಂಟ್ 3ರಲ್ಲಿ ಒತ್ತುವಾಗಿನ ಮತ್ತು ಮರಳುವಾಗಿನ ಬಿಗಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಬಿಲ್‌ಸ್ಟೈನ್ ಬಿ14ರಲ್ಲಿ ಬಿಗಿ ಸ್ಥಿರ, ಬಿ16ರಲ್ಲಿ ಹತ್ತು ಹಂತಗಳಿವೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ಕಾರಿನಂತಹ ಅನೇಕ ಸೆಡಾನ್‌ಗಳಲ್ಲಿ ಹಿಂಬದಿಯ ಸ್ಪ್ರಿಂಗ್ ಒಂದು ಕಡೆ, ಡ್ಯಾಂಪರ್ ಇನ್ನೊಂದು ಕಡೆ ಇರುತ್ತದೆ. ಕಾಯಿಲೋವರ್ ಕಿಟ್ ಕೊಂಡರೂ ಹಿಂದೆ ಅವು ಬೇರೆಯಾಗಿಯೇ ಕೂರುತ್ತವೆ, ಎತ್ತರ ಹೊಂದಿಸುವ ಉಂಗುರ ಸ್ಪ್ರಿಂಗ್‌ನ ತುದಿಯಲ್ಲಿರುತ್ತದೆ. ಪೆಟ್ಟಿಗೆ ತೆರೆದಾಗ ಏನೋ ಕಡಿಮೆ ಬಂದಿದೆ ಎಂದು ಗಾಬರಿಯಾಗಬೇಕಿಲ್ಲ.

ಹಂತ 1: ಕಾರಿನ ಕೆಳಗೆ ಈಗ ಏನಿದೆ?

ಮರ್ಸಿಡಿಸ್ ಎಸ್-ಕ್ಲಾಸ್‌ನಂತೆ ಗಾಳಿಯ ಚೀಲಗಳ ಮೇಲೆ ನಿಂತ ಕಾರಾದರೆ ಈ ಲೇಖನದ ಎರಡೂ ದಾರಿ ನಿಮಗಲ್ಲ. ಅದನ್ನು ಕಿತ್ತು ಸುರುಳಿ ಹಾಕಿಸುವ ಆಲೋಚನೆಯನ್ನು ದಯವಿಟ್ಟು ಬಿಡಿ. ಹೊರೆ ಬಿದ್ದರೂ ಮಟ್ಟ ಕಾಯ್ದುಕೊಳ್ಳುವುದು ಆ ಕಾರಿನ ಗುಣ, ಅದಕ್ಕೇ ಅಷ್ಟು ಹಣ ಕೊಟ್ಟಿರುತ್ತೀರಿ.

ಡ್ಯಾಂಪರ್‌ಗೆ ವಿದ್ಯುತ್ ತಂತಿ ಹೋಗಿದ್ದರೆ ಅದು ತಾನೇ ಬಿಗಿ ಬದಲಿಸಿಕೊಳ್ಳುವ ವ್ಯವಸ್ಥೆ. ಇಂತಹ ಕಾರಿಗೆ ಸಾಮಾನ್ಯ ಕಾಯಿಲೋವರ್ ಹಾಕಿದರೆ ಆ ಸೌಲಭ್ಯ ಹೋಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ದೋಷದ ದೀಪ ಉರಿಯುತ್ತದೆ, ಅದನ್ನು ಆರಿಸಲು ಬೇರೆ ಮಾಡ್ಯೂಲ್ ಬೇಕು. ಮೂಲ ಡ್ಯಾಂಪರ್ ಉಳಿಸಿಕೊಂಡು ಹಗುರವಾಗಿ ತಗ್ಗಿಸುವ ಸ್ಪ್ರಿಂಗ್ ಹಾಕುವುದು ಇಲ್ಲಿ ಹೆಚ್ಚು ವಿವೇಕದ ದಾರಿ. ಆ ತಂತಿಗೇ ಜೋಡಿಸಬಹುದಾದ ಕಾಯಿಲೋವರ್‌ಗಳೂ ಇವೆ, ಆದರೆ ಬೆಲೆ ಬಹಳ.

ಭಾಗದ ಸಂಖ್ಯೆ ಆರಿಸುವಾಗ ಮಾದರಿಯ ಹೆಸರನ್ನಷ್ಟೇ ನಂಬಬೇಡಿ. ಸ್ಪ್ರಿಂಗ್ ತಯಾರಕರು ಮುಂದಿನ ಮತ್ತು ಹಿಂದಿನ ಆಕ್ಸಲ್ ಮೇಲಿನ ಗರಿಷ್ಠ ಭಾರ ನೋಡಿ ಸಂಖ್ಯೆ ನಿಗದಿ ಮಾಡುತ್ತಾರೆ. ಬಾಗಿಲಿನ ಕಂಬದ ಮೇಲಿನ ತಗಡಿನಲ್ಲಿ ಆ ಭಾರ ಅಚ್ಚಾಗಿದ್ದರೆ ಅದರ ಚಿತ್ರ ತೆಗೆದು ಮಾರಾಟಗಾರರಿಗೆ ಕಳಿಸಿ. ನಮ್ಮ ದೇಶದಲ್ಲಿ ಮಾರುವ ಉದ್ದ ವೀಲ್‌ಬೇಸ್‌ನ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 3 ಸೀರೀಸ್ ಮತ್ತು ಇ-ಕ್ಲಾಸ್ ಕೊಂಡವರಿಗೆ ಇದು ಇನ್ನೂ ಮುಖ್ಯ. ಯುರೋಪಿನ ಗಿಡ್ಡ ಕಾರಿಗೆಂದು ಮಾಡಿದ ಸ್ಪ್ರಿಂಗ್ ಇದಕ್ಕೆ ಹೊಂದುತ್ತದೆಂದು ಸುಮ್ಮನೆ ಊಹಿಸಬಾರದು. ಹಾಗೆಯೇ ಪೆಟ್ಟಿಗೆಯ ಮೇಲೆ 30 ಮಿಲಿಮೀಟರ್ ಎಂದಿದ್ದರೆ ಅದು ಸಾಮಾನ್ಯ ಸಸ್ಪೆನ್ಷನ್‌ನ ಎತ್ತರದಿಂದ ಲೆಕ್ಕ. ಬಿಎಂಡಬ್ಲ್ಯುವಿನ ಎಂ ಸ್ಪೋರ್ಟ್ ಸಸ್ಪೆನ್ಷನ್ ಇರುವ ಕಾರು ಕಾರ್ಖಾನೆಯಿಂದಲೇ ಸುಮಾರು 10 ಮಿಲಿಮೀಟರ್ ತಗ್ಗಿರುತ್ತದೆ, ಹಾಗಾಗಿ ಅಲ್ಲಿ ಕಾಣುವ ವ್ಯತ್ಯಾಸ 20 ಮಾತ್ರ.

ಹಂತ 2: ಅಳತೆ

ಈ ಹಂತಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಬೇಕಾಗುವುದು ಒಂದು ಟೇಪು, ಒಂದು ಟಾರ್ಚು, ನಾಲ್ಕು ಜಿಪ್ ಟೈ.

ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್‌ನ (ಚಕ್ರದ ಮೇಲಿನ ಕಮಾನಿನ ತಗಡು) ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಮತ್ತು ಸವೆತ ಲೆಕ್ಕ ತಪ್ಪಿಸುತ್ತವೆ. ನಾಲ್ಕೂ ಸಂಖ್ಯೆಗಳನ್ನು ಬರೆದಿಡಿ, ಮುಂದೆ ಜೋಡಣೆಯ ದಿನ ಇವೇ ಬೇಕಾಗುತ್ತವೆ. ನಂತರ ಮನೆಯವರನ್ನೆಲ್ಲ ಕೂರಿಸಿ ಇನ್ನೊಮ್ಮೆ ಅಳೆಯಿರಿ. ಹಿಂಬದಿ ಎಷ್ಟು ಕುಸಿಯಿತು ಎಂಬುದು ಊರೂರು ಸುತ್ತುವ ಕುಟುಂಬದ ಕಾರಿಗೆ ಬಹಳ ಮುಖ್ಯ.

ಈಗ ಜಿಪ್ ಟೈ. ಡ್ಯಾಂಪರ್‌ನ ಹೊಳೆಯುವ ಕಡ್ಡಿಗೆ ಧೂಳು ತಡೆಯುವ ಕವಚ ಇರುತ್ತದೆ, ಅದನ್ನು ಮೇಲೆ ಸರಿಸಿ. ಕಡ್ಡಿಯ ಸುತ್ತ ಜಿಪ್ ಟೈ ಕಟ್ಟಿ, ಡ್ಯಾಂಪರ್‌ನ ಮೈಗೆ ತಾಗುವಂತೆ ಕೆಳಗಿಳಿಸಿ. ಜಾರಬೇಕು, ಆದರೆ ತಾನಾಗಿ ಬೀಳಬಾರದು, ಅಷ್ಟು ಬಿಗಿ ಸಾಕು. ಕಾರು ಚಲಿಸುವಾಗ ಡ್ಯಾಂಪರ್ ಒತ್ತಿಕೊಂಡಷ್ಟೂ ಜಿಪ್ ಟೈ ಮೇಲಕ್ಕೆ ತಳ್ಳಲ್ಪಡುತ್ತದೆ, ಮರಳುವಾಗ ಅಲ್ಲೇ ನಿಲ್ಲುತ್ತದೆ. ದಿನವೂ ಓಡಾಡುವ ರಸ್ತೆಗಳಲ್ಲಿ ಪೂರ್ತಿ ಹೊರೆಯೊಂದಿಗೆ ಒಂದು ಸುತ್ತು ಹಾಕಿ ಬಂದು, ಡ್ಯಾಂಪರ್‌ನ ಮೈಯಿಂದ ಜಿಪ್ ಟೈವರೆಗಿನ ದೂರ ಅಳೆಯಿರಿ. ನಿಮ್ಮ ರಸ್ತೆ ಎಷ್ಟು ಜಾಗ ಕೇಳುತ್ತದೆ ಎಂಬುದಕ್ಕೆ ಇದೇ ಉತ್ತರ.

ಮೂಲ ಸ್ಪ್ರಿಂಗ್‌ಗಳನ್ನು ಮತ್ತೆ ಹಾಕಿಸಿದ ಮೇಲೆ ಖಾನಾಪುರಕ್ಕೆ ಹೋಗಿಬಂದು ನಾನು ಅಳೆದಾಗ ಮುಂದೆ 52 ಮಿಲಿಮೀಟರ್ ಬಂತು. ಅದರಲ್ಲಿ 40 ಅನ್ನು ಆ ಸ್ಪ್ರಿಂಗ್‌ಗಳು ಕಾರು ನಿಂತಾಗಲೇ ನುಂಗಿಬಿಟ್ಟಿದ್ದವು. ಡ್ಯಾಂಪರ್ ಕಡ್ಡಿಯ ಮೇಲ್ಭಾಗದಲ್ಲಿ ಕೊನೆಯ ತಡೆಯಾಗಿ ಇರುವ ರಬ್ಬರಿನಂತಹ ಮೆತ್ತೆ, ಅಂದರೆ ಬಂಪ್ ಸ್ಟಾಪ್‌ಗೂ ಡ್ಯಾಂಪರ್‌ನ ಮೈಗೂ ನಡುವೆ ಆಗ ಕಿರುಬೆರಳು ತೂರುವಷ್ಟೂ ಎಡೆ ಇರಲಿಲ್ಲ. ಕಾರು ನಿಂತದ್ದು ಸ್ಪ್ರಿಂಗ್ ಮೇಲಲ್ಲ, ಹೆಚ್ಚುಕಡಿಮೆ ಬಂಪ್ ಸ್ಟಾಪ್ ಮೇಲೆಯೇ. ಜಾಂಬೋಟಿಯ ಆ ಧಡ್ ಸದ್ದಿಗೆ ಕಾರಣ ಅಷ್ಟೇ. ಒಂದೇ ಹೊಡೆತವನ್ನು ಅರ್ಧ ದೂರದಲ್ಲಿ ತಡೆಯಬೇಕಾದರೆ ಸರಾಸರಿ ಬಲ ಎರಡು ಪಟ್ಟು ಬೇಕು. ಆ ಬಲ ಹೋಗಿ ಸೇರುವುದು ಸೀಟಿನಲ್ಲಿ ಕುಳಿತವರ ಬೆನ್ನಿಗೆ.

ಹಳೆಯ ಡ್ಯಾಂಪರ್‌ಗೆ ಹೊಸ ಗಡಸು ಸ್ಪ್ರಿಂಗ್ ಹಾಕಿದರೆ ಇನ್ನೊಂದು ತೊಂದರೆಯೂ ಇದೆ. ಐಷಾರಾಮಿ ಸೆಡಾನಿನ ಮೈ ತೊಟ್ಟಿಲಿನಂತೆ ಸೆಕೆಂಡಿಗೆ ಸುಮಾರು ಒಂದೂಕಾಲು ಸಲ ತೂಗುವ ಹಾಗೆ ಹೊಂದಿಸಿರುತ್ತಾರೆ. ಸ್ಪ್ರಿಂಗ್ ಶೇಕಡಾ 30ರಷ್ಟು ಗಡಸಾದರೆ ಆ ತೂಗಾಟ ಶೇಕಡಾ 14ರಷ್ಟು ಚುರುಕಾಗುತ್ತದೆ, ಅದನ್ನು ಅಡಗಿಸುವ ಡ್ಯಾಂಪರ್‌ನ ಶಕ್ತಿ ಹೋಲಿಕೆಯಲ್ಲಿ ಶೇಕಡಾ 12ರಷ್ಟು ಕುಗ್ಗುತ್ತದೆ. ಹೊಸ ಡ್ಯಾಂಪರ್ ಇದನ್ನು ತಾಳಿಕೊಳ್ಳಬಹುದು. ಸವೆದ ಡ್ಯಾಂಪರ್ ತಾಳಲಾರದು, ಕಾರು ಗಡಸಾಗಿಯೂ ಇರುತ್ತದೆ, ಉಬ್ಬು ದಾಟಿದ ಮೇಲೆ ಎರಡು ಮೂರು ಸಲ ಕುಪ್ಪಳಿಸುತ್ತಲೂ ಇರುತ್ತದೆ.

ಹಂತ 3: ನಿಮ್ಮ ರಸ್ತೆಗಳು

ರಸ್ತೆ ಉಬ್ಬುಗಳ ಬಗ್ಗೆ ಎಲ್ಲರಿಗೂ ಭಯ. ಲೆಕ್ಕ ಹಾಕಿ ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 17 ಮೀಟರ್ ತ್ರಿಜ್ಯದ ವೃತ್ತದ ತುಣುಕಿನಂತೆ ಬಾಗಿರಬೇಕು. ನನ್ನ ಕಾರಿನ ವೀಲ್‌ಬೇಸ್ 2.81 ಮೀಟರ್. ನಾಲ್ಕೂ ಚಕ್ರಗಳು ಅಂತಹ ಉಬ್ಬಿನ ಮೇಲೆ ಇದ್ದಾಗ ಹೊಟ್ಟೆಯ ಕೆಳಗೆ ಕಳೆದುಹೋಗುವ ಎತ್ತರ ಸುಮಾರು 58 ಮಿಲಿಮೀಟರ್ ಮಾತ್ರ. ಮೂರು ಮೀಟರ್ ದಾಟಿದ ಉದ್ದ ವೀಲ್‌ಬೇಸ್‌ನ ಇ-ಕ್ಲಾಸ್‌ಗೂ ಅದು ಸುಮಾರು 70. ನಿಯಮದಂತೆ ಕಟ್ಟಿದ ಉಬ್ಬನ್ನು 25 ಮಿಲಿಮೀಟರ್ ತಗ್ಗಿಸಿದ ಕಾರು ನಿಧಾನವಾಗಿ ಹೋದರೆ ಸಲೀಸಾಗಿ ದಾಟುತ್ತದೆ.

ಕಷ್ಟವಿರುವುದು ಊರಿನ ಮುಂದೆ ಒಂದು ಬುಟ್ಟಿ ಡಾಂಬರು ಸುರಿದು ಮಾಡಿದ ಕಿರಿದಾದ ಉಬ್ಬುಗಳಲ್ಲಿ. ಮುಂದಿನ ಚಕ್ರ ಇಳಿದು, ಹಿಂದಿನದು ಇನ್ನೂ ಏರುವ ಮುಂಚೆ ಉಬ್ಬಿನ ಪೂರ್ತಿ ಎತ್ತರ ಹೊಟ್ಟೆಯ ಕೆಳಗೇ ಇರುತ್ತದೆ. ಕೈಪಿಡಿಯಲ್ಲಿರುವ ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ ತಗ್ಗಿಸುವ ಅಳತೆ ಕಳೆಯಿರಿ, ನಿಮ್ಮ ದಾರಿಯ ಅತಿ ಕೆಟ್ಟ ಉಬ್ಬಿನ ಎತ್ತರವನ್ನೂ ಕಳೆಯಿರಿ. 20 ಮಿಲಿಮೀಟರ್‌ಗಿಂತ ಕಡಿಮೆ ಉಳಿದರೆ ಅಷ್ಟು ತಗ್ಗಿಸಬೇಡಿ. ಟೇಪು ಹಿಡಿದು ಉಬ್ಬು ಅಳೆಯಲು ಸಂಕೋಚ ಬೇಡ, ನಾನು ಅಳೆದಿದ್ದೇನೆ.

ಇನ್ನು ನೆಲದ ಗುಣ. ಬೆಳಗಾವಿ ಎರಡು ಮಣ್ಣುಗಳ ನಡುವಿನ ಊರು. ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿಯ ಕೆಂಪು ಮಣ್ಣು ಮತ್ತು ಬಿರುಮಳೆ. ಅಲ್ಲಿ ಚೂಪು ಅಂಚಿನ ತಗ್ಗುಗಳು, ಚಕ್ರದ ಚಲನೆಗೆ ಜಾಗವೇ ಮುಖ್ಯ. ಪೂರ್ವಕ್ಕೆ ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೊರಟರೆ ಎರೆಭೂಮಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ರಸ್ತೆ ಕಣ್ಣಿಗೆ ನಯವಾಗಿ ಕಂಡರೂ ಉದ್ದುದ್ದ ಅಲೆಗಳಾಗಿರುತ್ತದೆ. 80ರ ವೇಗದಲ್ಲಿ ಕಾರಿನ ಮೂತಿ ಏಳುತ್ತ ಇಳಿಯುತ್ತ ಹೋಗುವುದು ಇಲ್ಲಿಯೇ. ಇದನ್ನು ಹಿಡಿದು ನಿಲ್ಲಿಸುವುದು ಸ್ಪ್ರಿಂಗ್ ಅಲ್ಲ, ಡ್ಯಾಂಪರ್ ಮರಳುವಾಗಿನ ಬಿಗಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಗೆ ದಾರಿ ಬಿಡಲು ಡಾಂಬರಿನ ಅಂಚಿನಿಂದ ಮಣ್ಣಿಗೆ ಇಳಿಯಲೇಬೇಕಾಗುತ್ತದೆ, ಆಗ ಮುಂದಿನ ಬಂಪರ್‌ನ ತುಟಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 4: ತೀರ್ಮಾನ

ಕಾರಿನ ಡ್ಯಾಂಪರ್‌ಗಳು ಇನ್ನೂ ಗಟ್ಟಿಯಾಗಿದ್ದು, 15ರಿಂದ 25 ಮಿಲಿಮೀಟರ್ ತಗ್ಗಿದರೆ ಸಾಕು, ಫೆಂಡರ್‌ನ ಖಾಲಿ ಜಾಗ ಸ್ವಲ್ಪ ತುಂಬಿದರೆ ಸಂತೋಷ ಎನ್ನುವವರಿಗೆ ಎಚ್ ಆಂಡ್ ಆರ್, ಐಬಾಕ್‌ನಂತಹ ಹೆಸರಾಂತ ತಯಾರಕರ ಸ್ಪ್ರಿಂಗ್ ಸಾಕು. ಹಾಕಿಸಿ ಮರೆತುಬಿಡಬಹುದು.

ಡ್ಯಾಂಪರ್ ಹಳತಾಗಿದ್ದರೆ ಅಥವಾ 30 ಮಿಲಿಮೀಟರ್‌ವರೆಗೆ ಇಳಿಸುವ ಮನಸ್ಸಿದ್ದರೆ ಮೂರನೆಯ ದಾರಿಯೊಂದಿದೆ, ಅದರ ಬಗ್ಗೆ ನಮ್ಮಲ್ಲಿ ಮಾತನಾಡುವವರೇ ಕಡಿಮೆ. ತಗ್ಗಿದ ಸ್ಪ್ರಿಂಗ್‌ಗಾಗಿಯೇ ಮಾಡಿದ ಗಿಡ್ಡ ಡ್ಯಾಂಪರ್‌ಗಳು ಸಿಗುತ್ತವೆ, ಬಿಲ್‌ಸ್ಟೈನ್ ಬಿ8 ಅಂತಹದು. ಅದನ್ನು ಐಬಾಕ್ ಸ್ಪ್ರಿಂಗ್ ಜೊತೆ ಸೇರಿಸಿ ಬಿ12 ಎಂಬ ಹೆಸರಿನಲ್ಲಿ ಒಟ್ಟಾಗಿಯೂ ಮಾರುತ್ತಾರೆ. ಎತ್ತರ ಬದಲಿಸುವ ಸೌಲಭ್ಯ ಇಲ್ಲ, ಆದರೆ ಸ್ಪ್ರಿಂಗ್ ಮತ್ತು ಡ್ಯಾಂಪರ್ ಒಂದಕ್ಕೊಂದು ಹೊಂದಿರುತ್ತವೆ, ಮಳೆಗಾಲದಲ್ಲಿ ಕೆಸರಿಗೆ ಕಚ್ಚಿಕೊಳ್ಳುವ ಮರೆಯೂ ಇಲ್ಲ. ನಮ್ಮ ಜಿಲ್ಲೆಗಳ ಕುಟುಂಬದ ಕಾರಿಗೆ ನಾನು ಮೊದಲು ಹೇಳುವುದು ಇದನ್ನೇ, ನನ್ನ ಕಾರಿಗೂ ಕೊನೆಗೆ ಹಾಕಿಸಿದ್ದು ಇದನ್ನೇ.

ಹಾಗಾದರೆ ಕಾಯಿಲೋವರ್ ಯಾರಿಗೆ? ಬೇರೆ ಅಳತೆಯ ಚಕ್ರ ಹಾಕಿಸಿ ಒಂದೊಂದು ಮೂಲೆಯನ್ನೂ ಐದು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಬೇಕಾದವರಿಗೆ. ಕಾರನ್ನು ನಿಜವಾಗಿ ಓಡಿಸುವ, ಬಿಗಿಯನ್ನು ಬದಲಿಸಿ ವ್ಯತ್ಯಾಸ ಗುರುತಿಸುವ ತಾಳ್ಮೆ ಇರುವವರಿಗೆ. ಸ್ಪ್ರಿಂಗ್‌ಗಿಂತ ಹಲವು ಪಟ್ಟು ಹಣ ಮತ್ತು ವರ್ಷಕ್ಕೊಮ್ಮೆ ಮರೆ ತೊಳೆದು ಕಾಪಾಡುವ ಶ್ರಮ ಎರಡಕ್ಕೂ ಸಿದ್ಧರಿರುವವರಿಗೆ. ಒಳ್ಳೆಯ ಕಾಯಿಲೋವರ್ ಹಾಕಿದ ಕಾರು, ಸವೆದ ಡ್ಯಾಂಪರ್ ಮೇಲೆ ಅಗ್ಗದ ಸ್ಪ್ರಿಂಗ್ ಹಾಕಿದ ಕಾರಿಗಿಂತ ಎಷ್ಟೋ ಮೆತ್ತಗೆ ಓಡುತ್ತದೆ. ಆದರೆ ಅಗ್ಗದ ಕಾಯಿಲೋವರ್ ಈ ಮೂರೂ ದಾರಿಗಳಿಗಿಂತ ಕೆಟ್ಟದ್ದು. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಮೈ ಸ್ಟೇನ್‌ಲೆಸ್ ಸ್ಟೀಲಿನದೇ? ರಿಪೇರಿಗೆ ಬಿಡಿಭಾಗ ಸಿಗುತ್ತದೆಯೇ?

ಸುರುಳಿಯನ್ನು ಕತ್ತರಿಸಿ ಅಥವಾ ಕಾಯಿಸಿ ತಗ್ಗಿಸುವವರ ಬಳಿಗೆ ಮಾತ್ರ ಹೋಗಬೇಡಿ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ. ಕತ್ತರಿಸಿದ ಸುರುಳಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ತಗ್ಗಿನಲ್ಲಿ ಜೋತು ಬಿದ್ದಾಗ ಸಡಿಲಾಗಿ ಜಾಗ ಬಿಟ್ಟು ಜಾರಬಹುದು. ಇದು ಪ್ರಾಣದ ವಿಷಯ.

ಹಂತ 5: ಕಾಗದಪತ್ರ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಆದ್ದರಿಂದ ಹಣ ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ. ಕಾರು ವಾರಂಟಿಯಲ್ಲಿದ್ದರೆ ಅವಧಿ ಮುಗಿಯುವವರೆಗೆ ಕಾಯುವುದು ಲೇಸು.

ಹಂತ 6: ಜೋಡಣೆಯ ದಿನ

ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಬಿಗಿದ ಸುರುಳಿಯಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಶಕ್ತಿ ಅಡಗಿರುತ್ತದೆ. ಮನೆಯಂಗಳದಲ್ಲಿ ಇದನ್ನು ಪ್ರಯತ್ನಿಸಬೇಡಿ. ಲಿಫ್ಟ್, ಗೋಡೆಗೆ ಬಿಗಿದ ಕಂಪ್ರೆಸರ್, ಟಾರ್ಕ್ ಪಾನಾ (ನಿಗದಿತ ಬಲಕ್ಕೆ ಬೋಲ್ಟ್ ಬಿಗಿಯುವ ಪಾನಾ), ಈ ಮೂರೂ ಇರುವ ಗ್ಯಾರೇಜು ಹುಡುಕಿ.

ಜರ್ಮನ್ ಕಾರುಗಳ ಸಸ್ಪೆನ್ಷನ್‌ನಲ್ಲಿ ಹಲವು ಬೋಲ್ಟ್ ಮತ್ತು ನಟ್‌ಗಳು ಒಂದೇ ಸಲ ಬಳಸುವಂಥವು, ಬಿಗಿದಾಗ ಹಿಗ್ಗುತ್ತವೆ. ಅವುಗಳ ಹೊಸ ಜೋಡಿ ಮೊದಲೇ ತರಿಸಿಡಿ. ಮೇಲಿನ ಟಾಪ್ ಮೌಂಟ್, ಬಂಪ್ ಸ್ಟಾಪ್, ಧೂಳು ಕವಚ ಕೂಡ ಆಗಲೇ ಬದಲಿಸಿ, ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಬಂಪ್ ಸ್ಟಾಪ್ ಕತ್ತರಿಸಬೇಕೋ ಬೇಡವೋ ಎಂಬುದನ್ನು ಸ್ಪ್ರಿಂಗ್ ಜೊತೆ ಬಂದ ಹಾಳೆ ಹೇಳುತ್ತದೆ. ಹೇಳದಿದ್ದರೆ ಕತ್ತರಿಸಬೇಡಿ.

ಅತಿ ಹೆಚ್ಚು ಗ್ಯಾರೇಜುಗಳು ಎಡವುವ ಜಾಗ ಒಂದಿದೆ. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ತೋಳುಗಳ ತುದಿಯಲ್ಲಿರುವ ರಬ್ಬರ್ ಬುಷ್‌ಗಳು ತಿರುಗುವುದಿಲ್ಲ, ತಿರುಚಿಕೊಳ್ಳುತ್ತವೆ. ಕಾರು ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕೂಡಲೇ ಬುಷ್ ತಿರುಚಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ಪೂರ್ತಿ ತಗ್ಗಿ ಕೂರುವುದಿಲ್ಲ, ಬುಷ್ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಕಾರಿನ ಕೆಲಸ ಮಾಡಿದ ಮೇಸ್ತ್ರಿ ಬೋಲ್ಟ್‌ಗಳನ್ನು ಕೈಬಿಗಿಗೆ ಬಿಟ್ಟು, ಚಕ್ರದ ಹಬ್ ಕೆಳಗೆ ಜ್ಯಾಕ್ ಕೊಟ್ಟು ಒಂದೊಂದೇ ಪಟ್ಟಿನಲ್ಲಿ ಮೇಲೆತ್ತಿದರು. ನಾನು ಫೆಂಡರ್‌ಗೆ ಟೇಪು ಹಿಡಿದು ಓದುತ್ತಿದ್ದೆ. ಮೊದಲ ಅಳತೆ 365 ಇತ್ತು, 25 ಕಳೆದರೆ 340. ಟೇಪು 340 ತೋರಿಸಿದಾಗ ನಿಲ್ಲಿಸಿ ಎಂದೆ. ಅವರು ಅಲ್ಲಿಯೇ ಟಾರ್ಕ್ ಪಾನಾ ಹಾಕಿದರು, ಅದು ಟಕ್ ಎಂದಿತು. ಎರಡನೆಯ ಹಂತದಲ್ಲಿ ಬರೆದಿಟ್ಟ ನಾಲ್ಕು ಸಂಖ್ಯೆಗಳ ಬೆಲೆ ತಿಳಿಯುವುದು ಈ ಕ್ಷಣದಲ್ಲಿ.

ಕಾಯಿಲೋವರ್ ಆದರೆ ಮೊದಲ ದಿನವೇ ಕೊನೆಯ ಮರೆಯವರೆಗೆ ಇಳಿಸಬೇಡಿ. ತಯಾರಕರು ಹೇಳಿದ ವ್ಯಾಪ್ತಿಯ ಮೇಲ್ಭಾಗದಿಂದ ಶುರುಮಾಡಿ. ಡ್ಯಾಂಪರ್ ಕಂಬವೇ ಚಕ್ರವನ್ನು ಹಿಡಿದಿರುವ ಸ್ಟ್ರಟ್ ಮಾದರಿಯ ಮುಂಬದಿಯಲ್ಲಿ ಬಹಳ ಇಳಿಸಿದಷ್ಟೂ ಕೆಳತೋಳಿನ ಕೋನ ಕೆಟ್ಟು, ತಿರುವಿನಲ್ಲಿ ಕಾರು ವಾಲುವ ಪ್ರವೃತ್ತಿ ಹೆಚ್ಚುತ್ತದೆ. ಬಿಗಿ ಹೊಂದಿಸುವಾಗ ನಡುವಿನ ಹಂತದಲ್ಲಿಟ್ಟು, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಒಂದು ಸಲಕ್ಕೆ ಒಂದನ್ನೇ ಎರಡು ಹಂತದಷ್ಟು ಬದಲಿಸಿ ನೋಡಿ. ಉಂಗುರ ಕಚ್ಚಿಕೊಳ್ಳದಂತೆ ಮರೆಗೆ ಲೇಪ ಹಚ್ಚಿಸಿ.

ಹಂತ 7: ಆಮೇಲೆ

ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಳತೆಯ ಮುದ್ರಿತ ಹಾಳೆ ಕೇಳಿ ಪಡೆಯಿರಿ. ಕಾರು ತಗ್ಗಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಟೈರಿನ ಒಳಅಂಚನ್ನು ತಿಂದುಹಾಕುವುದರಲ್ಲಿ ಟೋ ಪಾತ್ರವೇ ದೊಡ್ಡದು. ಹೊರಗಿನಿಂದ ಟೈರು ಹೊಸದರಂತೆ ಕಾಣುತ್ತದೆ, ಒಳಗೆ ಕೈಯಾಡಿಸಿದರೆ ತಂತಿ ಚುಚ್ಚುತ್ತದೆ, ನನಗೆ ಚುಚ್ಚಿದೆ.

ಹೆಡ್‌ಲೈಟ್ ತಾನೇ ಮಟ್ಟ ಹೊಂದಿಸಿಕೊಳ್ಳುವ ಕಾರುಗಳಲ್ಲಿ ಸಸ್ಪೆನ್ಷನ್ ತೋಳಿಗೆ ಸಣ್ಣ ಸೆನ್ಸರ್ ಇರುತ್ತದೆ. ಎತ್ತರ ಬದಲಾದ ಮೇಲೆ ಅದನ್ನು ಸ್ಕ್ಯಾನರ್‌ನಿಂದ ಮರುಹೊಂದಿಸಬೇಕು, ಇಲ್ಲವಾದರೆ ಬೆಳಕು ತಪ್ಪು ಜಾಗಕ್ಕೆ ಬೀಳುತ್ತದೆ. ರಡಾರ್ ಮತ್ತು ಕ್ಯಾಮೆರಾದ ಚಾಲಕ ಸಹಾಯ ವ್ಯವಸ್ಥೆ ಇದ್ದರೆ ಅದರ ಪರಿಶೀಲನೆಯೂ ಆಗಬೇಕು. ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರುಗಳ ಪಕ್ಕೆ ಗಡಸು, ತಗ್ಗಿಸಿದ ಮೇಲೂ ಒರಟು ಎನಿಸಿದರೆ ಸ್ಪ್ರಿಂಗ್ ಬೈಯುವ ಮುಂಚೆ ಗಾಳಿಯ ಒತ್ತಡ ನೋಡಿ.

500 ಕಿಲೋಮೀಟರ್ ಓಡಿದ ಹೊತ್ತಿಗೆ ಸ್ಪ್ರಿಂಗ್ ಕೆಲವು ಮಿಲಿಮೀಟರ್ ಕೂತಿರುತ್ತದೆ. ಆಗ ಇನ್ನೊಮ್ಮೆ ಅಲೈನ್‌ಮೆಂಟ್, ಇನ್ನೊಮ್ಮೆ ಬೋಲ್ಟ್‌ಗಳ ಪರಿಶೀಲನೆ, ಇನ್ನೊಮ್ಮೆ ಜಿಪ್ ಟೈ. ಕಾಯಿಲೋವರ್ ಹಾಕಿಸಿದವರು ಮಳೆಗಾಲ ಮುಗಿದ ಮೇಲೆ ಮರೆಯಲ್ಲಿ ಸೇರಿದ ಕೆಂಪು ಕೆಸರನ್ನು ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದು, ಉಂಗುರವನ್ನು ಒಂದು ಸುತ್ತು ಮೇಲೆ ಕೆಳಗೆ ತಿರುಗಿಸಿ ಮೊದಲಿದ್ದ ಜಾಗಕ್ಕೇ ತಂದಿಡಬೇಕು. ತೆಗೆದ ಮೂಲ ಸ್ಪ್ರಿಂಗ್‌ಗಳಿಗೆ ಎಡ ಬಲ, ಹಿಂದೆ ಮುಂದೆ ಎಂದು ಗುರುತು ಬರೆದು, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.